ದಿನಕ್ಕೆ 18 ಗಂಟೆ: ಅಕ್ಕನ ವಿದ್ಯುತ್ ಕ್ಷೇತ್ರ ಚಿಕಿತ್ಸೆ

ಅಕ್ಕನ ತಲೆಯಿಂದ ಗೆಡ್ಡೆ ತೆಗೆದು ಕೆಲವು ವಾರಗಳಿಗೆ ಪೆಥಾಲಜಿ ರಿಪೋರ್ಟ್ ಕೈಗೆ ಬಂತು. ಗ್ಲಿಯೊಬ್ಲಾಸ್ಟೋಮಾ, ಗ್ರೇಡ್ 4, ಐಡಿಎಚ್ ವೈಲ್ಡ್-ಟೈಪ್ ಅಂತ ಒಂದು ಸಾಲು. ಅಂದರೆ ಮಿದುಳಿನ ಬಹಳ ಉಗ್ರವಾದ ಕ್ಯಾನ್ಸರ್, ಐಡಿಎಚ್ ಅನ್ನುವ ಜೀನಿನಲ್ಲಿ ಬದಲಾವಣೆ ಇಲ್ಲದ ಬಗೆ. ಅದರ ಕೆಳಗೆ, ಎಂಜಿಎಂಟಿ ಪ್ರೊಮೋಟರ್ ಮೆಥಿಲೇಷನ್ ಕಂಡುಬಂದಿಲ್ಲ ಅಂತ ಇನ್ನೊಂದು. ಮೊದಲ ಸಾಲಿಗೇ ಭಾವ ಕುಸಿದು ಕೂತರು. ಡಾಕ್ಟರ ಮುಖ ಸಪ್ಪಗಾದದ್ದು ಎರಡನೆಯ ಸಾಲಿಗೆ.

ಎಂಜಿಎಂಟಿ ಅನ್ನುವುದು ಜೀವಕೋಶದ ರಿಪೇರಿ ಪ್ರೋಟೀನು. ಈ ಗೆಡ್ಡೆಗೆ ಕೊಡುವ ಮುಖ್ಯ ಕೀಮೋ ಟೆಮೊಜೊಲೊಮೈಡ್ ಅನ್ನುವ ಕ್ಯಾಪ್ಸೂಲು. ಅದು ಕ್ಯಾನ್ಸರ್ ಕೋಶದ ಡಿಎನ್‌ಎ ಕೆಡಿಸುತ್ತದೆ, ಈ ಪ್ರೋಟೀನು ಕೆಟ್ಟದ್ದನ್ನು ಮತ್ತೆ ಸರಿಮಾಡಿಬಿಡುತ್ತದೆ. ಮೆಥಿಲೇಷನ್ ಆಗಿದ್ದರೆ ರಿಪೇರಿ ನಿಂತಿರುತ್ತದೆ, ಔಷಧ ಚೆನ್ನಾಗಿ ನಾಟುತ್ತದೆ. ಅಕ್ಕನಿಗೆ ಆ ಅದೃಷ್ಟ ಇರಲಿಲ್ಲ. ನಿಮ್ಮವರ ರಿಪೋರ್ಟಿನಲ್ಲಿ ಈ ಸಾಲೇ ಇಲ್ಲದಿದ್ದರೆ ಕೇಳಿ ಮಾಡಿಸಿ. ತೆಗೆದ ಗೆಡ್ಡೆಯ ಮೇಣದ ತುಣುಕು, ಬ್ಲಾಕ್ ಅನ್ನುತ್ತಾರೆ, ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಮತ್ತೆ ಆಪರೇಷನ್ ಬೇಕಿಲ್ಲ.

ಆಮೇಲೆ ಎಲ್ಲರಿಗೂ ಆಗುವ ದಾರಿಯೇ. 2005ರಿಂದ ಜಗತ್ತಿನ ಬಹುಪಾಲು ಕಡೆ ಇದೇ ಕ್ರಮ: ಆರು ವಾರ ರೇಡಿಯೇಷನ್, 30 ಸಲಕ್ಕೆ ಒಟ್ಟು 60 ಗ್ರೇ (ರೇಡಿಯೇಷನ್ ಡೋಸಿನ ಅಳತೆ), ಜೊತೆಗೆ ದಿನವೂ ಸಣ್ಣ ಪ್ರಮಾಣದ ಟೆಮೊಜೊಲೊಮೈಡ್. ಅದಾದ ಮೇಲೆ 28 ದಿನಕ್ಕೊಮ್ಮೆ ಐದು ದಿನ ದೊಡ್ಡ ಡೋಸು, ಹಾಗೆ ಆರು ಸುತ್ತು. ರೇಡಿಯೇಷನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮುಖವಾಡ ಹಾಕಿಸಿಕೊಂಡು ಅಲ್ಲಾಡದೆ ಮಲಗುವುದು, ಮಧ್ಯಾಹ್ನದ ಸುಸ್ತು, ಒಂದು ಕಡೆಯ ಕೂದಲು ಉದುರುವುದು, ಇಷ್ಟನ್ನು ಬೇಕಾದಷ್ಟು ಜನ ಬರೆದಿದ್ದಾರೆ.

ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಕ್ಯಾನ್ಸರಿಗೆ ಇಷ್ಟೊಂದು ಔಷಧಗಳಿವೆಯಲ್ಲ, ಇದಕ್ಕೆ ಮಾತ್ರ ಒಂದೇ ಕ್ಯಾಪ್ಸೂಲು ಯಾಕೆ? ಮಿದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ, ಹೆಚ್ಚಿನ ಔಷಧಗಳನ್ನು ಆಚೆಯೇ ನಿಲ್ಲಿಸುತ್ತವೆ. ಟೆಮೊಜೊಲೊಮೈಡ್ ಅಣು ಚಿಕ್ಕದು, ಕೊಬ್ಬಿನಲ್ಲಿ ಬೆರೆಯುವಂಥದ್ದು, ಅದಕ್ಕೇ ನುಸುಳುತ್ತದೆ. ಆದರೂ ರಕ್ತದಲ್ಲಿ ಇರುವುದರ ಐದನೇ ಒಂದು ಪಾಲಿನಷ್ಟು ಮಾತ್ರ ಮಿದುಳಿನ ಸುತ್ತಲಿನ ದ್ರವದಲ್ಲಿ ಸಿಗುತ್ತದೆ. ಇದನ್ನು ಓದಿದ ರಾತ್ರಿಯೇ ವಿದ್ಯುತ್ ಕ್ಷೇತ್ರ ಬಳಸಿ ಕೀಮೋ ಔಷಧವನ್ನು ಮಿದುಳಿನೊಳಗೆ ಕಳಿಸುವ ಸಂಶೋಧನೆಯ ಸುದ್ದಿಯೂ ಕಣ್ಣಿಗೆ ಬಿತ್ತು. ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆದು ಆಂಕಾಲಜಿ ಡಾಕ್ಟರ ಮುಂದೆ ಇಟ್ಟೆ.

ಅವರು ಬೈಯಲಿಲ್ಲ, ಅದೇ ದೊಡ್ಡದು. ಹಾಳೆ ತಿರುಗಿಸಿ ಅದರ ಬೆನ್ನಿಗೆ ಚಿತ್ರ ಬರೆಯುತ್ತಾ ಹೇಳಿದರು: "ನೀವು ತಂದಿರೋದರಲ್ಲಿ ಎಲ್ಲದರಲ್ಲೂ ವಿದ್ಯುತ್ ಕ್ಷೇತ್ರ ಅಂತಲೇ ಇದೆ. ಆದರೆ ಮಾಡೋ ಕೆಲಸ ಬೇರೆ ಬೇರೆ. ಮೊದಲು ಅದನ್ನ ಬಿಡಿಸಿಕೊಳ್ಳಿ."

ಅವರು ಬಿಡಿಸಿ ಹೇಳಿದ್ದು ಹೀಗೆ. ಒಂದು ಬಗೆಯಲ್ಲಿ ಬಹಳ ಕಡಿಮೆ ಹೊತ್ತಿನ, ಜೋರಾದ ವಿದ್ಯುತ್ ಮಿಡಿತ ಕೊಟ್ಟು ಕೋಶದ ಪೊರೆಯಲ್ಲಿ ಸಣ್ಣ ರಂಧ್ರ ತೆರೆಯುತ್ತಾರೆ. ಬ್ಲಿಯೊಮೈಸಿನ್‌ನಂಥ ಕೀಮೋ ಔಷಧ ತಾನಾಗಿ ಪೊರೆ ದಾಟುವುದು ಕಷ್ಟ. ರಂಧ್ರ ಸಿಕ್ಕರೆ ಅದರ ಮಾರಕ ಶಕ್ತಿ ನೂರಾರು ಪಟ್ಟು ಏರುತ್ತದೆ. 1990ರ ದಶಕದ ಶುರುವಿನಲ್ಲಿ ಫ್ರಾನ್ಸಿನ ಗುಸ್ತಾವ್ ರೂಸಿ ಸಂಸ್ಥೆಯಲ್ಲಿ ರೋಗಿಗಳ ಮೇಲೆ ಇದನ್ನು ಮಾಡಿದರು, ಈಗ ಯುರೋಪಿನಲ್ಲಿ ಚರ್ಮದ ಗೆಡ್ಡೆಗಳಿಗೆ ಬಳಕೆಯಲ್ಲಿದೆ. ಮಿದುಳಿಗೆ ಮಾಡಬೇಕಾದರೆ ತಲೆಬುರುಡೆಯೊಳಗೆ ಸೂಜಿಯಂಥ ಎಲೆಕ್ಟ್ರೋಡ್ ಇಳಿಸಬೇಕು, ಆದ್ದರಿಂದ ಅಲ್ಲಿ ಇನ್ನೂ ಪ್ರಯೋಗದ ಮಾತು. ಇನ್ನೊಂದು ಬಗೆ, ರಕ್ತನಾಳದ ಆ ಬಿಗಿ ಹೆಣಿಗೆಯನ್ನೇ ಸ್ವಲ್ಪ ಹೊತ್ತು ಸಡಿಲಿಸುವುದು. 100 ಕಿಲೋಹರ್ಟ್ಸಿನ ಕ್ಷೇತ್ರವನ್ನು ಮೂರು ದಿನ ಕೊಟ್ಟಾಗ ಇಲಿಗಳಲ್ಲಿ ಹಾಗೆ ಸಡಿಲವಾಗಿ, ನಿಲ್ಲಿಸಿದ ಮೇಲೆ ಮತ್ತೆ ಬಿಗಿಯಾಯಿತು ಅಂತ 2022ರಲ್ಲಿ ಪ್ರಕಟವಾಗಿದೆ. ಇಲಿಗಳಲ್ಲಿ. ಆ ಪದವನ್ನು ಡಾಕ್ಟರು ಎರಡು ಸಲ ಹೇಳಿದರು.

ಮೂರನೆಯದು ಮಾತ್ರ ರೋಗಿಯ ಮನೆಗೆ ಬರುವಂಥದ್ದು, ಟ್ಯೂಮರ್ ಟ್ರೀಟಿಂಗ್ ಫೀಲ್ಡ್ಸ್, ಎಲ್ಲರ ಬಾಯಲ್ಲೂ ಟಿಟಿ ಫೀಲ್ಡ್ಸ್. ಇದು ಔಷಧವನ್ನು ಎಲ್ಲಿಗೂ ಸಾಗಿಸುವುದಿಲ್ಲ. ಬೋಳಿಸಿದ ನೆತ್ತಿಗೆ ನಾಲ್ಕು ಪಟ್ಟಿ ಅಂಟಿಸಿ ಅವುಗಳ ನಡುವೆ 200 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಎರಡು ಲಕ್ಷ ಸಲ ಅತ್ತಿಂದಿತ್ತ ಹೋಗಿ ಬರುವ, ಮಂದವಾದ ಕ್ಷೇತ್ರ ಹಾಯಿಸುತ್ತಾರೆ. ಕೋಶ ಇಬ್ಭಾಗವಾಗುವಾಗ ಒಳಗೆ ಕಟ್ಟಿಕೊಳ್ಳುವ ಎಳೆಗಳ ಚೌಕಟ್ಟಿಗೆ ವಿದ್ಯುತ್ ಆವೇಶದ ಪ್ರೋಟೀನುಗಳೇ ಆಧಾರ. ಕ್ಷೇತ್ರ ಅವುಗಳ ಸಾಲು ಕೆಡಿಸುತ್ತದೆ, ವಿಭಜನೆ ಎಡವುತ್ತದೆ, ಕೋಶ ಸಾಯುತ್ತದೆ. ಸುಮ್ಮನಿರುವ ನರಕೋಶ ವಿಭಜನೆ ಆಗುವುದೇ ಇಲ್ಲವಾದ್ದರಿಂದ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಇಸ್ರೇಲಿನ ಟೆಕ್ನಿಯಾನ್ ವಿಶ್ವವಿದ್ಯಾಲಯದ ಯೊರಾಮ್ ಪಾಲ್ಟಿ ಹೊಳೆಯಿಸಿಕೊಂಡ ದಾರಿ ಇದು. ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2011ರಲ್ಲಿ ಮರುಕಳಿಸಿದ ಗೆಡ್ಡೆಗೆ, 2015ರಲ್ಲಿ ಹೊಸದಾಗಿ ಪತ್ತೆಯಾದ ಗೆಡ್ಡೆಗೆ ಒಪ್ಪಿಗೆ ಕೊಟ್ಟಿತು.

"ಎಷ್ಟು ಉಪಯೋಗ?" ಅಂತ ಅಕ್ಕನೇ ಕೇಳಿದಳು. ಅವಳಿಗೆ ಆಗ ಮಾತು ಹುಡುಕಿ ಆಡಬೇಕಾಗುತ್ತಿತ್ತು, ಆದರೆ ಆ ಎರಡು ಪದ ಸರಾಗ ಬಂತು. ಡಾಕ್ಟರು ಸುತ್ತಿಬಳಸಲಿಲ್ಲ. 695 ರೋಗಿಗಳ ಪರೀಕ್ಷೆಯ ಅಂತಿಮ ಫಲಿತಾಂಶ 2017ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಬರೀ ಕೀಮೋ ತೆಗೆದುಕೊಂಡವರಲ್ಲಿ ನಡುಮಧ್ಯದ ಆಯುಷ್ಯ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 16 ತಿಂಗಳು, ಯಂತ್ರವೂ ಇದ್ದವರಲ್ಲಿ 20.9 ತಿಂಗಳು. ಐದು ವರ್ಷ ದಾಟಿದವರು ನೂರಕ್ಕೆ 5ರ ಬದಲು 13. ಇನ್ನೊಂದು ಮಾತನ್ನೂ ಅವರೇ ಸೇರಿಸಿದರು: ಆ ಪರೀಕ್ಷೆಯಲ್ಲಿ ಎದುರು ಗುಂಪಿಗೆ ಹೋಲಿಕೆಗಾಗಿ ಕೆಲಸ ಮಾಡದ ಸುಳ್ಳು ಯಂತ್ರ ಕೊಟ್ಟಿರಲಿಲ್ಲ, ಅದಕ್ಕೇ ಒಪ್ಪದ ಡಾಕ್ಟರುಗಳೂ ಇದ್ದಾರೆ. ಅಕ್ಕ ಗಣಿತದ ಮೇಷ್ಟ್ರು. ಅಂಕಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಡಿಸೋಣ" ಅಂದಳು.

ಆ ದಿನ ಕೇಳಲೇಬೇಕಾದ ಪ್ರಶ್ನೆ ಒಂದಿದೆ, ಉಪಯೋಗದ ಪ್ರಶ್ನೆಗಿಂತಲೂ ದೊಡ್ಡದು: ಮನೆಯಲ್ಲಿ ಯಾರು ಮಾಡುತ್ತಾರೆ? ಆಸ್ಪತ್ರೆಗೆ ಹೋಗಿ ಮಾಡಿಸಿಕೊಂಡು ಬರುವ ಚಿಕಿತ್ಸೆ ಅಲ್ಲ ಇದು. ದಿನಕ್ಕೆ ಕನಿಷ್ಠ 18 ಗಂಟೆ ತಲೆಯ ಮೇಲೆ ಇರಬೇಕು. ಮೂರು ನಾಲ್ಕು ದಿನಕ್ಕೊಮ್ಮೆ ಪಟ್ಟಿ ಕಿತ್ತು, ತಲೆ ಬೋಳಿಸಿ, ತೊಳೆದು, ಹೊಸದು ಅಂಟಿಸಬೇಕು. ರೋಗಿಗೆ ತನ್ನ ನೆತ್ತಿ ತನಗೆ ಕಾಣುವುದಿಲ್ಲ. ಜೊತೆಗೆ ಒಬ್ಬರು ಬೇಕೇ ಬೇಕು, ಆ ಒಬ್ಬರಿಗೆ ಜ್ವರ ಬಂದರೆ ಮಾಡಲು ಇನ್ನೊಬ್ಬರು ಕಲಿತಿರಬೇಕು. ನಮ್ಮಲ್ಲಿ ನಾನು, ಭಾವ ಇಬ್ಬರೂ ಕಲಿತೆವು.

ಇನ್ನು ಕಾಗದಪತ್ರ. ಪೆಥಾಲಜಿ ರಿಪೋರ್ಟ್, ಆಪರೇಷನ್ ನೋಟ್, ಡಿಸ್ಚಾರ್ಜ್ ಸಮ್ಮರಿ, ರೇಡಿಯೇಷನ್ ಮುಗಿದ ಸಮ್ಮರಿ, ಇತ್ತೀಚಿನ ರಕ್ತಪರೀಕ್ಷೆ, ಡಾಕ್ಟರ ಆದೇಶ, ಒಪ್ಪಿಗೆ ಪತ್ರ, ಮತ್ತು ಕಾರ್ನಾಫ್ಸ್ಕಿ ಅಂಕ. ಈ ಕೊನೆಯದು ರೋಗಿ ತನ್ನ ಕೆಲಸ ತಾನು ಎಷ್ಟು ಮಾಡಿಕೊಳ್ಳಬಲ್ಲರು ಅನ್ನುವುದಕ್ಕೆ ಡಾಕ್ಟರು ಕೊಡುವ ನೂರರ ಲೆಕ್ಕ, 70ಕ್ಕಿಂತ ಕಡಿಮೆ ಇದ್ದವರನ್ನು ಆ ದೊಡ್ಡ ಪರೀಕ್ಷೆಗೇ ಸೇರಿಸಿಕೊಂಡಿರಲಿಲ್ಲ. ಪೇಸ್‌ಮೇಕರ್, ಮಿದುಳಿಗೆ ಹಾಕಿದ ವಿದ್ಯುತ್ ಸಾಧನ, ಹೊರಗಿನಿಂದ ಹೊಂದಿಸುವ ಶಂಟ್ (ಮಿದುಳಿನ ಹೆಚ್ಚುವರಿ ದ್ರವ ಹೊರಹರಿಸುವ ಕೊಳವೆ), ಮೂಳೆ ವಾಪಸ್ ಇಡದೆ ಬಿಟ್ಟ ತಲೆಬುರುಡೆಯ ಕಿಂಡಿ, ಇವುಗಳಲ್ಲಿ ಯಾವುದಿದ್ದರೂ ಮೊದಲೇ ಬಾಯಿಬಿಟ್ಟು ಹೇಳಿ. ಪಟ್ಟಿಯ ಕೆಳಗಿನ ಜೆಲ್‌ಗೆ ಅಲರ್ಜಿ ಇದ್ದರೂ ಆಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಎಂಆರ್‌ಐ. ಪಟ್ಟಿಗಳನ್ನು ತಲೆಯ ಮೇಲೆ ಎಲ್ಲೆಲ್ಲಿ ಕೂರಿಸಿದರೆ ಗೆಡ್ಡೆಯ ಜಾಗದಲ್ಲಿ ಕ್ಷೇತ್ರ ಬಲವಾಗಿರುತ್ತದೆ ಅಂತ ಪ್ರತಿಯೊಬ್ಬರಿಗೂ ಬೇರೆ ನಕ್ಷೆ ಮಾಡುತ್ತಾರೆ. ಅದಕ್ಕೆ ಸ್ಕ್ಯಾನಿನ ಮೂಲ ಡಿಜಿಟಲ್ ಫೈಲ್, ಡೈಕಾಮ್ ಅನ್ನುವುದು, ಬೇಕು. ಸ್ಕ್ಯಾನ್ ಸೆಂಟರಿನವರು ಕೊಟ್ಟ ಸಿಡಿಯಲ್ಲಿ ಇದ್ದದ್ದು ಕೆಲವೇ ಚಿತ್ರಗಳು, ಕಾಂಟ್ರಾಸ್ಟ್ ಹಾಕಿ ತೆಗೆದ ಸರಣಿಯೇ ನಾಪತ್ತೆ. ಫೋನ್ ಮಾಡಿದರೆ ಎಲ್ಲವೂ ಇದೆ ಅನ್ನುತ್ತಾರೆ, ಹಾಕಿ ನೋಡಿದರೆ ಇಲ್ಲ. ಕೊನೆಗೆ ಭಾವ ಅವರ ಕೌಂಟರಿನಲ್ಲೇ ನಿಂತು ಅವರ ಕಂಪ್ಯೂಟರಿನಲ್ಲೇ ತೆರೆಸಿ ನೋಡಿ ಇನ್ನೊಂದು ಪ್ರತಿ ತಂದರು. ಸಿಡಿ ಕೈಗೆ ಸಿಕ್ಕ ತಕ್ಷಣ ಅಲ್ಲೇ ತೆರೆದು ನೋಡದೆ ಹೊರಡಬೇಡಿ.

ಅಷ್ಟರಲ್ಲಿ ಆ ಸ್ಕ್ಯಾನೇ ನಮ್ಮ ಎದೆ ಒಡೆಯಿತು. ರೇಡಿಯೇಷನ್ ಮುಗಿದ ಮೇಲಿನ ಮೊದಲ ಎಂಆರ್‌ಐಯಲ್ಲಿ ಆಪರೇಷನ್ ಆದ ಜಾಗ ಮೊದಲಿಗಿಂತ ದೊಡ್ಡದಾಗಿ, ಹೊಳೆಯುತ್ತಾ ಕಂಡಿತು. ಗೆಡ್ಡೆ ಬೆಳೆದಿದ್ದರೆ ಇಷ್ಟು ದಿನದ ಹೋರಾಟ ನೀರಲ್ಲಿ ಹೋಮ. ಡಾಕ್ಟರು ಅಷ್ಟು ಬೇಗ ತೀರ್ಪು ಕೊಡಲು ಒಪ್ಪಲಿಲ್ಲ. ರೇಡಿಯೇಷನ್ ಆದ ಮೊದಲ ಕೆಲವು ತಿಂಗಳಲ್ಲಿ ಊತ, ಸತ್ತ ಅಂಗಾಂಶ ಎಲ್ಲ ಸೇರಿ ಗೆಡ್ಡೆಯೇ ಬೆಳೆದಂತೆ ಕಾಣುವುದುಂಟು, ಸೂಡೊಪ್ರೋಗ್ರೆಷನ್ ಅಂತ ಅದಕ್ಕೆ ಹೆಸರು. ರಕ್ತದ ಹರಿವು ತೋರಿಸುವ ಪರ್ಫ್ಯೂಷನ್ ಎಂಆರ್‌ಐ ಮಾಡಿಸಿದರು. ಗೆಡ್ಡೆಯಷ್ಟು ರಕ್ತದ ಹರಿವು ಅಲ್ಲಿ ಇರಲಿಲ್ಲ. ಸ್ವಲ್ಪ ದಿನ ಕಾದು ಮತ್ತೆ ನೋಡಿದಾಗ ಹೊಳಪು ತಗ್ಗಿತ್ತು. ಆ ಕಾಯುವಿಕೆಯಲ್ಲಿ ಮನೆಯಲ್ಲಿ ಯಾರೂ ಯಾರನ್ನೂ ಸರಿಯಾಗಿ ಮಾತಾಡಿಸಲಿಲ್ಲ. ಅಕ್ಕ ಒಬ್ಬಳೇ ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಂಡು ಲೆಕ್ಕ ಬಿಡಿಸುತ್ತಾ ಕೂತಿರುತ್ತಿದ್ದಳು, ಸ್ಟೆಪ್ಪು ತಪ್ಪಿದರೆ ಮತ್ತೆ ಮೊದಲಿನಿಂದ.

ಕಾಲದ ಒತ್ತಡವೂ ಇತ್ತು. ಪರೀಕ್ಷೆಯಲ್ಲಿ ಯಂತ್ರ ಶುರುಮಾಡಿದ್ದು ರೇಡಿಯೇಷನ್ ಮುಗಿದ ನಾಲ್ಕರಿಂದ ಏಳು ವಾರದೊಳಗೆ. ನಮ್ಮ ಡಾಕ್ಟರೂ ಆ ಅವಧಿ ಮೀರಬಾರದು ಅಂದಿದ್ದರು. ಆದರೆ ವಿಮಾ ಕಂಪನಿ ಮೊದಲ ಅರ್ಜಿಯನ್ನು ತಿರಸ್ಕರಿಸಿತು, ಕಾರಣ "ಪ್ರಾಯೋಗಿಕ ಚಿಕಿತ್ಸೆ". ಯಂತ್ರ ಕೊಳ್ಳುವಂಥದ್ದಲ್ಲ, ತಿಂಗಳ ಲೆಕ್ಕದ ಬಾಡಿಗೆ, ಪಟ್ಟಿಗಳೂ ಅದರಲ್ಲೇ ಸೇರಿ. ಆ ಮೊತ್ತವನ್ನು ವಿಮೆ ಇಲ್ಲದೆ ಹೊರುವುದು ನಮ್ಮಂಥವರಿಂದ ಆಗುವ ಮಾತಲ್ಲ. ಮೇಲ್ಮನವಿಯಲ್ಲಿ ಕೆಲಸಕ್ಕೆ ಬಂದದ್ದು ನಮ್ಮ ಕಣ್ಣೀರಿನ ಪತ್ರ ಅಲ್ಲ, ಡಾಕ್ಟರು ಬರೆದ ಒಂದು ಪುಟ: ಎಫ್‌ಡಿಎ ಒಪ್ಪಿಗೆಯ ವರ್ಷ, 2017ರ ಪ್ರಬಂಧ, ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟ ಎನ್‌ಸಿಸಿಎನ್‌ನ ಮಾರ್ಗಸೂಚಿಯಲ್ಲಿ ಈ ಚಿಕಿತ್ಸೆ ಇರುವುದು, ಅಕ್ಕನಿಗೆ ಎಂಜಿಎಂಟಿ ಮೆಥಿಲೇಷನ್ ಇಲ್ಲದಿರುವುದು. ತಿರಸ್ಕಾರವನ್ನು ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ. ಬರವಣಿಗೆಯಲ್ಲಿ ಕೊಡಿ ಅನ್ನಿ, ಅವರು ಬರೆದ ಕಾರಣಕ್ಕೆ ಮಾತ್ರ ಉತ್ತರ ಬರೆಯಿಸಿ. ನಮಗೆ ಮಂಜೂರಾದದ್ದು ಗಡುವಿನ ಅಂಚಿನಲ್ಲಿ.

ವಿಮೆಗೆ ಕಾಣದ ಖರ್ಚೂ ಇವೆ. ಎರಡು ಎಲೆಕ್ಟ್ರಿಕ್ ಶೇವರ್, ಒಂದರ ಬ್ಲೇಡ್ ಮೊಂಡಾದರೆ ಇನ್ನೊಂದು ಬೇಕು. ಆಲ್ಕೋಹಾಲ್ ಒರಸು, ಬೇಬಿ ಆಯಿಲ್, ಸ್ಟೀರಾಯ್ಡ್ ದ್ರವ, ಹತ್ತಿಯ ಟೋಪಿಗಳು. ಎರಡು ತಿಂಗಳಿಗೊಮ್ಮೆ ಎಂಆರ್‌ಐ. ನನ್ನ ಸಂಬಳವಿಲ್ಲದ ರಜೆ.

ಮೊದಲ ದಿನ ತರಬೇತಿ ಕೊಡುವವರು ಮನೆಗೆ ಬಂದು ಎಲ್ಲವನ್ನೂ ಮಾಡಿ ತೋರಿಸಿದರು. ಅಳಿದುಳಿದ ಕೂದಲು ಬೋಳಿಸುವಾಗ ಅಕ್ಕ ಕಣ್ಣು ಮುಚ್ಚಿದ್ದಳು. ರೇಡಿಯೇಷನ್ನಿನಲ್ಲಿ ಹೋದದ್ದು ತಾನಾಗಿ ಹೋಗಿತ್ತು, ಇದನ್ನು ನಾವು ತೆಗೆಯುತ್ತಿದ್ದೆವು. ಭಾವನ ಕೈ ನಡುಗಿ ಶೇವರ್ ನನಗೆ ಕೊಟ್ಟರು.

ಮಾಡುವ ಕ್ರಮ ಹೇಳಿಬಿಡುತ್ತೇನೆ, ನಮಗೆ ಕೈ ಕೂರುವುದಕ್ಕೆ ತುಂಬಾ ದಿನ ಬೇಕಾಯಿತು. ಹಳೆಯ ಪಟ್ಟಿ ಕೀಳುವಾಗ ಅಂಚಿಗೆ ಬೇಬಿ ಆಯಿಲ್ ಸವರಿ, ಎರಡೂ ಕೈಯಲ್ಲಿ ನಿಧಾನ ಸುಲಿಯಿರಿ, ಜಗ್ಗಿದರೆ ಚರ್ಮವೇ ಬರುತ್ತದೆ. ಸೌಮ್ಯ ಶಾಂಪೂವಿನಲ್ಲಿ ಎಣ್ಣೆ ಪೂರ್ತಿ ತೊಳೆಯಿರಿ. ತಲೆಗೆ ಸ್ವಲ್ಪ ಹೊತ್ತು ಗಾಳಿ ಆಡಲಿ. ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ ಬೋಳಿಸಿ, ಮೊಳಕೆ ಕೂದಲು ಉಳಿದರೂ ಪಟ್ಟಿ ಸರಿಯಾಗಿ ಕೂರುವುದಿಲ್ಲ. ಆಮೇಲೆ ಆಲ್ಕೋಹಾಲಿನಲ್ಲಿ ಒರಸಿ, ಪೂರ್ತಿ ಆರಿದ ಮೇಲೆ ಅಂಟಿಸಿ. ಪ್ರತಿ ಪಟ್ಟಿಯಲ್ಲಿ ಒಂಬತ್ತು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಹೊಲಿಗೆಯ ಗಾಯದ ಗೆರೆ ಬಿಲ್ಲೆಯ ಅಡಿಗೆ ಬರದೆ ಎರಡು ಬಿಲ್ಲೆಗಳ ನಡುವೆ ಬರಬೇಕು. ಒಂದು ಸಲ ನಕ್ಷೆಯಿಂದ ಎರಡು ಸೆಂಟಿಮೀಟರಿನಷ್ಟು ಸರಿಸಿ ಅಂಟಿಸಿ, ಮುಂದಿನ ಸಲ ವಾಪಸ್. ಒಂದೇ ಜಾಗಕ್ಕೆ ಬಿಸಿ, ಒತ್ತಡ ಬೀಳದಿರಲಿ ಅಂತ. ಜಿಡ್ಡಿನ ಮುಲಾಮು ಬೇಡ, ಅದು ಕ್ಷೇತ್ರಕ್ಕೆ ಅಡ್ಡ. ಔಷಧ ಹಚ್ಚುವುದಾದರೆ ದ್ರವ ರೂಪದ್ದನ್ನೇ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಯಂತ್ರ, ಬ್ಯಾಟರಿ ಸೇರಿ ಸುಮಾರು 1.2 ಕಿಲೋ. ಹೆಗಲ ಚೀಲದಲ್ಲಿ ಹಾಕಿಕೊಂಡು ಓಡಾಡಬಹುದು. ತಲೆಯಿಂದ ಚೀಲಕ್ಕೆ ಇಳಿಯುವ ವೈರಿನ ಕಟ್ಟನ್ನು ಅಕ್ಕ ಬಾಲ ಅನ್ನುತ್ತಿದ್ದಳು, ಬಾಗಿಲ ಹಿಡಿಗೆ ಸಿಕ್ಕಿಕೊಂಡಾಗಲೆಲ್ಲ "ಬಾಲ ಬಿಡಿಸೋ" ಅಂತ ಕೂಗು. ಒಂದೊಂದು ಬ್ಯಾಟರಿಯೂ ಎರಡು ಮೂರು ಗಂಟೆಯೊಳಗೆ ಮುಗಿಯುತ್ತದೆ. ರಾತ್ರಿ ಗೋಡೆಯ ಕರೆಂಟಿಗೆ ಸಿಕ್ಕಿಸಿ ಮಲಗುವುದು. ಸೆಕೆಗೆ ತಲೆ ಬೆವತರೆ, ದಿಂಬು ಒತ್ತಿ ಪಟ್ಟಿ ಬಿಸಿಯಾದರೆ ಅಲಾರಂ. ಮೊದಲ ತಿಂಗಳು ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ಎರಡು ಮೆತ್ತನೆಯ ದಿಂಬು, ತಲೆಯ ಕಡೆಗೆ ಫ್ಯಾನು, ಬಿಗಿ ಟೋಪಿಗೆ ರಾಮರಾಮ ಹೇಳಿದ್ದು, ಇಷ್ಟರಿಂದ ಅಲಾರಂ ಬಹಳ ಕಡಿಮೆಯಾಯಿತು.

ಯಂತ್ರ ಎಷ್ಟು ಹೊತ್ತು ಓಡಿತು ಅಂತ ತಾನೇ ಬರೆದಿಟ್ಟುಕೊಳ್ಳುತ್ತದೆ, ತಿಂಗಳಿಗೊಮ್ಮೆ ಶೇಕಡಾ ಲೆಕ್ಕ ಕೈಗೆ ಬರುತ್ತದೆ. ಇಲ್ಲಿ ಗಂಟೆಯೇ ಡೋಸು. ಅದೇ ಪರೀಕ್ಷೆಯ ಅಂಕಿಗಳನ್ನು ಆಮೇಲೆ ಬಿಡಿಸಿ ನೋಡಿದಾಗ ನೂರಕ್ಕೆ 90ಕ್ಕಿಂತ ಹೆಚ್ಚು ಹೊತ್ತು ಹಾಕಿಕೊಂಡವರ ನಡುಮಧ್ಯದ ಆಯುಷ್ಯ 24.9 ತಿಂಗಳು ಅಂತ ಬಂದಿದೆ. ಗಟ್ಟಿಮುಟ್ಟಾಗಿದ್ದವರೇ ಹೆಚ್ಚು ಹೊತ್ತು ಹಾಕಿಕೊಂಡಿರಲೂಬಹುದು, ಅದನ್ನು ಎತ್ತಿ ಹೇಳಿದ್ದೂ ಅಕ್ಕನೇ. ಆದರೆ ಭಾವನಿಗೆ ಆ ಅಂಕಿ ಹಿಡಿದುಬಿಟ್ಟಿತು. ಅಕ್ಕ ಸ್ನಾನಕ್ಕೆ ಹೋದರೆ ಗಡಿಯಾರ ನೋಡುವುದು, ಯಾರಾದರೂ ಬಂದು ಮಾತಾಡುತ್ತಾ ಬ್ಯಾಟರಿ ಮುಗಿದರೆ ಮುಖ ಕೆಂಪಾಗುವುದು. ಒಂದು ರಾತ್ರಿ ಅವಳೇ ಪ್ಲಗ್ ಕಿತ್ತು, "ನಾನು ನಿಮ್ಮ ಪರ್ಸೆಂಟೇಜ್ ಅಲ್ಲ ರೀ" ಅಂದಳು. ಭಾವ ಹೊರಗೆ ಹೋಗಿ ಎಷ್ಟೋ ಹೊತ್ತು ನಿಂತಿದ್ದರು. ಮಾರನೆಯ ದಿನ ನಾವು ಮೂವರೂ ಕೂತು ಒಂದು ಲೆಕ್ಕಕ್ಕೆ ಬಂದೆವು: 18 ಗಂಟೆ ಚಿಕಿತ್ಸೆಯದ್ದು, ಉಳಿದ ಆರು ಗಂಟೆ ಅಕ್ಕನದ್ದು, ಆ ಆರರ ಬಗ್ಗೆ ಯಾರೂ ಕೇಳುವಂತಿಲ್ಲ. ಮನೆಯಲ್ಲಿ ಇಂಥ ಒಂದು ಒಪ್ಪಂದ ಮೊದಲ ವಾರವೇ ಮಾಡಿಕೊಳ್ಳಿ.

ಕೀಮೋ ಸುತ್ತುಗಳು ಇದರ ಜೊತೆಗೇ ಓಡುತ್ತವೆ. ಕ್ಯಾಪ್ಸೂಲುಗಳು ಬೇರೆ ಬೇರೆ ತೂಕದಲ್ಲಿ ಬರುತ್ತವೆ, ಅಂದಿನ ಡೋಸನ್ನು ಎರಡು ಮೂರು ಬಗೆ ಕೂಡಿಸಿ ಮಾಡಬೇಕು. ಬರೆದಿಟ್ಟುಕೊಂಡೇ ಕೊಡಿ. ವಾಂತಿ ತಡೆಯುವ ಮಾತ್ರೆ ಮೊದಲು, ಖಾಲಿ ಹೊಟ್ಟೆಯಲ್ಲಿ ಇದು. ಕ್ಯಾಪ್ಸೂಲು ಬಿಚ್ಚಬಾರದು, ಒಡೆದದ್ದನ್ನು ಬರಿಗೈಯಲ್ಲಿ ಮುಟ್ಟಬಾರದು. ಪ್ಲೇಟ್‌ಲೆಟ್ ಒಂದು ಲಕ್ಷದ ಕೆಳಗಿದ್ದರೆ ಮುಂದಿನ ಸುತ್ತು ಮುಂದಕ್ಕೆ ಹೋಗುತ್ತದೆ. ಅಕ್ಕನದ್ದೂ ಹೋಯಿತು. ಯಂತ್ರಕ್ಕೂ ಪ್ಲೇಟ್‌ಲೆಟ್‌ಗೂ ಸಂಬಂಧವಿಲ್ಲದ್ದರಿಂದ ಕೀಮೋ ನಿಂತ ದಿನಗಳಲ್ಲೂ ಅದು ಓಡುತ್ತಿತ್ತು, ಏನೂ ಇಲ್ಲದೆ ಕೂತಿಲ್ಲವಲ್ಲ ಅನ್ನುವುದು ನಮಗೊಂದು ಸಮಾಧಾನ.

ಚರ್ಮದ ತೊಂದರೆ ಬಂದೇ ಬರುತ್ತದೆ ಅಂದುಕೊಳ್ಳಿ. ಪರೀಕ್ಷೆಯಲ್ಲೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬಂದಿತ್ತು. ಅಕ್ಕನಿಗೆ ಕೆಂಪು ಗುರುತು, ಆಮೇಲೆ ಗುಳ್ಳೆ, ಕೊನೆಗೆ ಹೊಲಿಗೆಯ ಗೆರೆಯ ಪಕ್ಕ ಒಂದು ಹುಣ್ಣು. ಪಟ್ಟಿ ಬದಲಿಸುವಾಗಲೆಲ್ಲ ನೆತ್ತಿಯ ಫೋಟೋ ತೆಗೆದಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು. ಹುಣ್ಣು ಯಾವಾಗ ಶುರುವಾಯಿತು, ಬೆಳೆಯುತ್ತಿದೆಯೇ ಅನ್ನುವುದನ್ನು ಡಾಕ್ಟರು ಫೋಟೋ ನೋಡಿಯೇ ಹೇಳಿದರು, ಕೆಲವು ದಿನ ಯಂತ್ರಕ್ಕೆ ರಜೆ ಕೊಟ್ಟರು. ಹುಣ್ಣಿನ ಮೇಲೆ ಪಟ್ಟಿ ಅಂಟಿಸಿ ಗಂಟೆ ಉಳಿಸಲು ಹೋದರೆ ಸೋಂಕು ಮೂಳೆಯವರೆಗೂ ಇಳಿಯಬಹುದು ಅಂತ ಎಚ್ಚರಿಸಿದರು.

ಹೊರಗೆ ಹೋದಾಗ ಜನ ನೋಡುತ್ತಾರೆ. ಮಕ್ಕಳು ನೇರವಾಗಿ ಕೇಳುತ್ತಾರೆ, ಅದು ಎಷ್ಟೋ ವಾಸಿ. ಅಕ್ಕ ಅವರಿಗೆ ಚೀಲ ತೆರೆದು ತೋರಿಸಿ ಹರ್ಟ್ಸ್ ಅಂದರೇನು ಅಂತ ಪಾಠವನ್ನೇ ಮಾಡುತ್ತಿದ್ದಳು. ಪಾಠ ಮಾಡುವಾಗ ಅವಳ ಮಾತು ತಡವರಿಸುತ್ತಿರಲಿಲ್ಲ.

ಒಂದು ವರ್ಷ ದಾಟಿದ ಮೇಲೆ ಸ್ಕ್ಯಾನಿನಲ್ಲಿ ಹಳೆಯ ಜಾಗದ ಅಂಚಿಗೆ ಹೊಸ ಚುಕ್ಕೆ ಕಂಡಿತು. ಈ ಸಲ ಪರ್ಫ್ಯೂಷನ್ ಎಂಆರ್‌ಐಯೂ ಗೆಡ್ಡೆ ಅಂದೇ ಹೇಳಿತು. ಯಂತ್ರ ಮುಂದುವರಿಸಬಹುದಿತ್ತು, ಮೊದಲ ಸಲ ಬೆಳೆದ ಮೇಲೂ ಮುಂದುವರಿಸಲು ಆ ಪರೀಕ್ಷೆಯಲ್ಲೇ ಅವಕಾಶ ಇತ್ತು. ಡಾಕ್ಟರು ಎರಡೂ ದಾರಿ ಇಟ್ಟರು. ಅಕ್ಕ ಸಾಕು ಅಂದಳು. ಈಗ ಬೇರೆ ಔಷಧ ನಡೆಯುತ್ತಿದೆ. ನಡೆಯುತ್ತಾಳೆ, ಲೆಕ್ಕ ಬಿಡಿಸುತ್ತಾಳೆ, ಸಂಜೆ ಹೊತ್ತಿಗೆ ದಣಿಯುತ್ತಾಳೆ. ಯಂತ್ರದಿಂದ ಎಷ್ಟು ತಿಂಗಳು ಸಿಕ್ಕಿತು ಅಂತ ಕೇಳುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಒಬ್ಬರ ವಿಷಯದಲ್ಲಿ ಅದನ್ನು ಯಾರೂ ಅಳೆಯಲಾರರು. ಭಾವ ಸಿಕ್ಕಿತು ಅನ್ನುತ್ತಾರೆ, ನಾನು ವಾದ ಮಾಡುವುದಿಲ್ಲ. ಔಷಧವನ್ನು ಮಿದುಳಿಗೆ ದಾಟಿಸುವ ವಿದ್ಯುತ್ತಿನ ಸುದ್ದಿಯನ್ನು ಈಗಲೂ ಹುಡುಕುತ್ತೇನೆ. ಹೊಸದೇನಾದರೂ ಕಂಡರೆ ಮನುಷ್ಯರಲ್ಲೋ ಇಲಿಗಳಲ್ಲೋ ಅಂತ ಮೊದಲು ನೋಡುತ್ತೇನೆ.

ನಿಲ್ಲಿಸುವಾಗಲೂ ಕೆಲಸ ಇದೆ. ಯಂತ್ರ, ಚಾರ್ಜರ್, ಎಲ್ಲ ಬ್ಯಾಟರಿ, ವೈರು ಎಣಿಸಿ ವಾಪಸ್ ಕೊಡಬೇಕು, ಕೊಟ್ಟದ್ದಕ್ಕೆ ಸಹಿ ಮಾಡಿದ ರಸೀದಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಾಡಿಗೆ ಬಿಲ್ಲು ಬರುತ್ತಲೇ ಇರಬಹುದು. ನಿಲ್ಲಿಸಿದ ತಾರೀಖನ್ನು ವಿಮಾ ಕಂಪನಿಗೂ ಬರೆದು ತಿಳಿಸಿ. ಕೊಡುವ ಮೊದಲು ಅಷ್ಟೂ ತಿಂಗಳ ಬಳಕೆಯ ಲೆಕ್ಕ, ಪಟ್ಟಿಗಳ ನಕ್ಷೆ ಎರಡರ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ. ಮುಂದೆ ಯಾವುದಾದರೂ ಪ್ರಯೋಗಕ್ಕೆ ಸೇರುವ ಮಾತು ಬಂದರೆ ಹಿಂದಿನ ಚಿಕಿತ್ಸೆ ಯಾವಾಗ ಶುರು, ಯಾವಾಗ ಮುಗಿಯಿತು ಅಂತ ಮೊದಲು ಕೇಳುವುದೇ ಅಲ್ಲಿ.